ಅವ್ವನ ತ್ಯಾಪಿ ಬಿಚ್ಚದೇ ಹೊಲಿದ ನಾಲ್ಕು ಕೌದಿ

ಅವ್ವನ ಟ್ರಂಕಿನಲ್ಲಿದ್ದದ್ದು 23 ಸೀರೆ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಹತ್ತಿ ಸೀರೆಗಳೇ ಹದಿನಾಲ್ಕೋ ಹದಿನೈದೋ. ಕುಷ್ಟಗಿ ಕಡೆ ಹಳೇ ಬಟ್ಟೆಯ ಹೊದಿಕೆ, ಅಂದರೆ ಕೌದಿ, ಹೊಲಿಯುವವರು ಯಾರನ್ನು ಕೇಳಿದರೂ ಒಂದೇ ಮಾತು: ಗಟ್ಟಿ ಇರೋದು ಮೇಲೆ ಹಾಕು, ತ್ಯಾಪಿ (ತೇಪೆ) ಹಚ್ಚಿದ್ದು ಒಳಗೆ ತುಂಬು. ನಾನು ಉಲ್ಟಾ ಮಾಡಿದೆ. ಸಜ್ಜೆ ಹೊಲದಲ್ಲಿ ಕಸ ತೆಗೆಯುವಾಗ ಮೊಣಕಾಲ ಹತ್ತಿರ ಹರಿದದ್ದು, ಒಲೆ ಮುಂದೆ ಕಿಡಿ ಸಿಡಿದು ತೂತು ಬಿದ್ದದ್ದು, ಶೇಂಗಾ ಹೊತ್ತು ಹೆಗಲ ಮೇಲೆ ಸವೆದದ್ದು, ಎಲ್ಲ ಮೇಲೆಯೇ ಬಂತು. ಅವ್ವ ಚೌಕ ತ್ಯಾಪಿ ಹಚ್ಚಿದವಳೇ ಅಲ್ಲ. ಒಂದು ಕಡೆ ಗಿಳಿ, ಕಣ್ಣಿಗೆ ಕಪ್ಪು ದಾರದ ಒಂದೇ ಗಂಟು. ಇನ್ನೊಂದು ಕಡೆ ಖಣದ ಚೂರಿನಿಂದ ತುಳಸಿಕಟ್ಟೆ. ಅದನ್ನು ಒಳಗೆ ಮುಚ್ಚಿಟ್ಟರೆ ಮೊಮ್ಮಕ್ಕಳಿಗೆ ಆಯಿ ಕಾಣೋದು ಹೆಂಗ? 'ಎರಡು ಸಲ ಒಗದ್ರ ಹಿಂಜಿ ಹೋಗ್ತದ' ಎಂದಿದ್ದಳು ಅಕ್ಕ. ಸರಿಯಾಗಿ ಬಂದ ಮೊದಲ ಕೌದಿ ಈಗ ಐದು ಒಗೆತ ಕಂಡಿದೆ. ಅಕ್ಕ ತನಗೂ ಒಂದು ಬೇಕೆನ್ನುತ್ತಾಳೆ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ಪೇಟೆಯಲ್ಲಿ ಮಷೀನಿಗೆ ಕೊಟ್ಟು 600 ರೂಪಾಯಿ ಕಳೆದೆ. ಹಳೇ ನೂಲಿಗೆ ಮಷೀನ್ ಹೊಲಿಗೆ ಆಗಿಬರುವುದಿಲ್ಲ. ಒತ್ತೊತ್ತಾಗಿ ತೂತು ಬಿದ್ದು, ಅಂಚೆ ಚೀಟಿ ಹರಿದಂತೆ ಹೊಲಿಗೆಯ ಗುಂಟವೇ ಬಿಟ್ಟುಕೊಂಡಿತು. ಎರಡನೇ ಸಲ ಕೈಹೊಲಿಗೆ, ಆದರೆ ಕೆಳಗೆ ಹಾಕಿದ ಹೊಸ ಮಾದರಪಾಟವನ್ನು (ಸಾದಾ ಹತ್ತಿ ಬಟ್ಟೆ) ನೆನೆಸಿರಲಿಲ್ಲ. ಒಗೆದ ಮೇಲೆ ಅದು ಸೇದಿಕೊಂಡು ಮೇಲಿನ ಸೀರೆಯೆಲ್ಲ ಮುದುರಿತು. ಸಾಲದ್ದಕ್ಕೆ ಇಳಕಲ್ ಸೀರೆಯ ತೋಪ ತೆನೆ ಸೆರಗಿನ ಕೆಂಪು ಬಣ್ಣ ಹರಿದು ಬಿಳಿ ಜಾಗವೆಲ್ಲ ಗುಲಾಬಿ. ಬಟ್ಟೆ, ದಾರ ಸೇರಿ ಅಲ್ಲೊಂದು 900 ಹೋಯಿತು. ಅದು ಈಗ ಶೇಂಗಾ ಒಣಹಾಕಲು ಬಳಕೆಯಲ್ಲಿದೆ.

ಈಗ ಮಾಡುವ ಕ್ರಮ ಹೀಗಿದೆ. ಮಾದರಪಾಟ ಎರಡು ರಾತ್ರಿ ನೆನೆಸಿ, ಹಿಂಡದೇ ಒಣಗಿಸಿ, ಆಮೇಲೆ ಅಳತೆ. 12 ಮೀಟರಿನಲ್ಲಿ ಅರ್ಧ ಮೀಟರಿನಷ್ಟು ಕಡಿಮೆಯಾಗುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿ ನೋಡಬೇಕು. ಚರ್ ಎಂದರೆ ಒಳಪದರಿಗೆ. ಮಡಿಕೆ ಬಿದ್ದ ಗೆರೆಯಲ್ಲೇ ಹೆಚ್ಚು ಕೆಟ್ಟಿರುತ್ತದೆ, ಮೊದಲು ಅಲ್ಲಿ ನೋಡಿ. ತ್ಯಾಪಿ ಇರುವ ಭಾಗವನ್ನು ಮಾತ್ರ ಜಗ್ಗಬೇಡಿ. ತ್ಯಾಪಿಯ ಸುತ್ತ ಎರಡು ಬೆರಳು ಬಿಟ್ಟು ಕತ್ತರಿಸಿ, ಹಿಂದೆ ಮಾದರಪಾಟದ ತುಂಡಿಟ್ಟು, ಅವ್ವನ ಹೊಲಿಗೆಯ ಹೊರಗೆ ಅಕ್ಕಿಕಾಳಿನಷ್ಟು ಸಣ್ಣ ಟಾಕು ಹಾಕುತ್ತೇನೆ. ಅವಳ ದಾರದ ಮೇಲೆ ನನ್ನ ಸೂಜಿ ಹೋಗುವುದಿಲ್ಲ. ಇಡೀ ಕೆಲಸದ ಗುಟ್ಟು ಇಷ್ಟೇ: ಭಾರ ಹೊರುವುದು ಹಿಂದಿನ ತುಂಡು, ಸೀರೆಯಲ್ಲ.

ಕೆಂಪು ಸೆರಗನ್ನು ಉಪ್ಪುನೀರಿನಲ್ಲಿ ಬೇರೆಯಾಗಿ, ನೀರು ತಿಳಿಯಾಗುವ ತನಕ ಒಗೆಯಿರಿ. ಉಪ್ಪಿನ ಜೊತೆ ನಾನು ಇನ್ನೊಂದು ಹಾಕುತ್ತೇನೆ, ಅದು ಮನೆಯ ಗುಟ್ಟಾಗಿಯೇ ಇರಲಿ. ಸೆರಗು ರೇಷ್ಮೆ, ಮೈ ಹತ್ತಿ. ಎರಡೂ ಒಂದೇ ತೆರನಾಗಿ ಸೇದಿಕೊಳ್ಳುವುದಿಲ್ಲ. ಅದಕ್ಕೇ ಸೆರಗಿನ ತುಂಡು ಗೇಣಿಗಿಂತ ದೊಡ್ಡದು ಇಡುವುದಿಲ್ಲ. ಇಳಕಲ್ ಸೀರೆಯ ಚಿಕ್ಕಿ ಪರಾಸ, ಗೋಮಿ ಬಗೆಯ ದಡಿಗಳು ಗಟ್ಟಿ ಇರುತ್ತವೆ, ನಾಲ್ಕೂ ಅಂಚಿಗೆ ಅವೇ ಸರಿ.

ಅಳತೆ ಏಳು ಅಡಿ, ಐದು ಅಡಿ. ಕೆಳಗೊಂದು ಪದರು, ನಡುವೆ ಎರಡು, ಮೇಲೆ ತುಂಡುಗಳು. ಮೂರು ಒಳಪದರು ಹಾಕಿ ನೋಡಿದೆ, ಸೂಜಿ ಮುರಿಯಿತು, ಕೈಯೂ ಹೋಯಿತು. ಹೊರಗಿನಿಂದ ಒಳಗೆ ಸುತ್ತು ಹಾಕುತ್ತಾ ಹೋದರೆ ಬಟ್ಟೆ ದೂಡಿಕೊಂಡು ನಡುವೆ ಹೊಟ್ಟೆ ಬರುತ್ತದೆ. ಅದಕ್ಕೆ ಮೊದಲು ನಡುವಿನಿಂದ ಹೊರಕ್ಕೆ ಕಚ್ಚಾ ಹೊಲಿಗೆ, ಗೇಣಿಗೊಂದು ಸಾಲು. ಆಮೇಲೆ ಅಂಚಿನಿಂದ ಸುತ್ತು, ಸಾಲಿಗೂ ಸಾಲಿಗೂ ಒಂದು ಬೆರಳು. ದಾರ ಜೋಡಿ, ಜೇನುಮೇಣ ಸವರಿದ್ದು, ಒಂದು ಮಾರಿಗಿಂತ ಉದ್ದ ಬೇಡ; ಗಂಟು ಬಿದ್ದು ಜಗ್ಗುವಾಗ ಹಳೇ ಬಟ್ಟೆ ಸೀಳುತ್ತದೆ. ದಿನಕ್ಕೆ ಮೂರು ತಾಸು ಕೂತರೆ ಸುಮಾರು ಇಪ್ಪತ್ತು ದಿನ.

ನಡುವೆ ಒಂದು ಹುಚ್ಚು ಮಾಡಿದೆ. ಅವ್ವನ ಚುಕ್ಕಿ ರಂಗೋಲಿಯನ್ನು ಕಸೂತಿಯಾಗಿ ತೆಗೆಯಲು ಹೋದೆ. ನಾಲ್ಕು ಪದರಿನ ಮೇಲೆ ಗವಂತಿ (ಎರಡೂ ಕಡೆ ಒಂದೇ ಥರ ಕಾಣುವ ಕಸೂತಿ ಹೊಲಿಗೆ) ಆಗುವುದೇ ಇಲ್ಲ, ಸೂಜಿ ಅದೇ ತೂತಿಗೆ ಮರಳಿ ಬರುವುದಿಲ್ಲ. ಬಿಡಿ ತುಂಡಿನ ಮೇಲೆ ಮೊದಲೇ ತೆಗೆದು ಆಮೇಲೆ ಕೂಡಿಸಿದೆ, ಬಂತು. ಮುರಗಿ ಎಂಬ ಮೆಟ್ಟಿಲು ಮೆಟ್ಟಿಲಾದ ಕಸೂತಿ ಹೊಲಿಗೆ ಇನ್ನೂ ನನ್ನ ಕೈಗೆ ಒಲಿದಿಲ್ಲ.

ಖರ್ಚು, ನೆನಪಿನ ಲೆಕ್ಕ: ಒಂದಕ್ಕೆ ಮಾದರಪಾಟ, ದಾರ, ಮೇಣ, ಸೂಜಿ ಸೇರಿ ಸಾವಿರದ ಒಳಗೆ. ಕೂಲಿ ಕೊಟ್ಟು ಹೊಲಿಸಿದರೆ ಇನ್ನೊಂದು 1500, 2000. ಆದರೆ ತ್ಯಾಪಿ ಉಳಿಸುವ ತಾಳ್ಮೆ ಕೂಲಿಗೆ ಬರುವವರಿಗೆ ಎಲ್ಲಿಂದ ಬರಬೇಕು.

ಕೊನೆಯ ಮೂಲೆ ಮುಚ್ಚುವ ಮುನ್ನ ಅವ್ವ ಒಳಗೊಂದು ರೊಟ್ಟಿ ಚೂರು ಇಡುತ್ತಿದ್ದಳು, ಕೌದಿ ಹಸಿದಿರಬಾರದೆಂದು. ನಾನೂ ಇಟ್ಟೆ. ಇಲಿ ಕಡಿದು ಮೂಲೆಯೇ ಹೋಯಿತು. ಈಗ ಅವ್ವ ರೊಟ್ಟಿ ಸುತ್ತಿಡುತ್ತಿದ್ದ ಬಿಳಿ ಬಟ್ಟೆಯ ಅಂಗೈಯಗಲ ತುಂಡು ಇಡುತ್ತೇನೆ, ಚೆನ್ನಾಗಿ ಒಗೆದು. ಒಗೆಯುವುದಾದರೆ ತಣ್ಣೀರು, ನೆನೆದ ಕೌದಿ ಭಾರಿ ತೂಕ, ಹಿಂಡದೇ ಇಬ್ಬರು ಹಿಡಿದು ಕಟ್ಟೆಯ ಮೇಲೆ ಹಾಸಿ ನೀರು ಇಳಿಸಿ. ನಮ್ಮ ಬಿಸಿಲಿಗೆ ನೆರಳೇ ಸಾಕು, ಸಂಜೆಗೆ ಒಣಗಿರುತ್ತದೆ.