ಕಾಫಿ ಹಣ್ಣಿನ ಲೆಕ್ಕಕ್ಕೆ ಯಾವ ಪ್ರೊಸೆಸರ್? ನನ್ನ ಅನುಭವ

ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಮಾಡಿಕೊಟ್ಟೆ. ಕೆಲಸ ಇಷ್ಟೇ: ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ತೂಕದ ಹೊತ್ತಲ್ಲಿ ರೈಟರ್ (ತೋಟದ ಗುಮಾಸ್ತ) ಒತ್ತಿ ಇಡಬೇಕು. ಫೋನ್ ಸಾಲದಾ ಅಂತೀರಾ? ಅಂಟು ಕೈಗೆ ಟಚ್ ಸರಿಯಾಗಿ ಸಿಗಲ್ಲ, ಬಿಸಿಲಲ್ಲಿ ಪರದೆ ಕಾಣಲ್ಲ. ಹಾಗಾಗಿ ಗುಂಡಿಗಳು, ಜೊತೆಗೆ ಕಾಗದದ ಹಾಗೆ ಬಿಸಿಲಲ್ಲೂ ಕಾಣುವ ಇ-ಪೇಪರ್ ಪರದೆ. ಅದರ ಮೇಲೆ ಮೂಡಿದ್ದು ಕರೆಂಟ್ ಇಲ್ಲದೆಯೂ ಹಾಗೇ ನಿಲ್ಲುತ್ತದೆ.

ಲ್ಯಾಪ್‌ಟಾಪುಗಳಲ್ಲಿರುವ ಇಂಟೆಲ್ ಬಗೆಯ ಎಕ್ಸ್86 ಪ್ರೊಸೆಸರ್ ಕಡೆ ತಲೆಯೇ ಹಾಕಲಿಲ್ಲ. ಫೋನಿಗೆಂದು ಮಾಡುತ್ತಿದ್ದ ಆಟಮ್ ಚಿಪ್‌ಗಳನ್ನು ಇಂಟೆಲ್ಲೇ 2016ರಲ್ಲಿ ಕೈಬಿಟ್ಟಿತು. ಫೋನುಗಳಲ್ಲಿರುವ ಆರ್ಮ್ ಬಗೆಯ ಪ್ರೊಸೆಸರ್ ಈ ಜಾಗದಲ್ಲಿ ಹಳೇ ಹುಲಿ; ನಮ್ಮ ಬೆಂಗಳೂರಿನ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಸಿಂಪ್ಯೂಟರ್‌ನಲ್ಲೂ ಇದ್ದದ್ದು ಸ್ಟ್ರಾಂಗ್‌ಆರ್ಮ್. ನಾನೂ ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ ಎಂಬ, ಆರ್ಮ್ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು ನೋಡಿದೆ. ನಾಲ್ಕು ಕಾರ್ಟೆಕ್ಸ್-ಎ53 ಕೋರ್, 512 ಎಂಬಿ ಮೆಮೊರಿ, ಲಿನಕ್ಸ್. ಕನ್ನಡ ಅಕ್ಷರ ಚೆನ್ನಾಗಿ ಬಂತು. ಆದರೆ ಅದಕ್ಕೆ ನಿದ್ದೆ ಮಾಡೋಕೆ ಬರಲ್ಲ. ಸುಮ್ನೆ ಕೂತರೂ 100 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ತೋಟದಲ್ಲಿ ಈ ಯಂತ್ರ ದಿನವಿಡೀ ಸುಮ್ನೆ ಕೂರೋದೇ ಜಾಸ್ತಿ, ಅಲ್ವಾ? ಆರಿಸಿಟ್ಟರೆ ಮತ್ತೆ ಬೂಟ್ ಆಗುವವರೆಗೆ ಚೀಲ ಹೊತ್ತವರು ಕಾಯಬೇಕು.

ಕೊನೆಗೆ ಪುಟ್ಟ ಯಂತ್ರಗಳಿಗೆಂದೇ ಇರುವ ಚಿಪ್ ಇಎಸ್‌ಪಿ32-ಸಿ3 ಹಾಕಿದೆ. ಒಂದೇ ಕೋರ್, 160 ಮೆಗಾಹರ್ಟ್ಸ್, ಎಕ್ಸ್86, ಆರ್ಮ್ ಎರಡೂ ಅಲ್ಲದ ಮೂರನೇ ಬಗೆ ರಿಸ್ಕ್-ಫೈವ್. ಗಾಢ ನಿದ್ದೆಯಲ್ಲಿ ಚಿಪ್ ಎಳೆಯೋದು 5 ಮೈಕ್ರೊಆಂಪ್ (ಮಿಲಿಆಂಪಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೊಆಂಪ್) ಅಂತ ಡೇಟಾಶೀಟ್ ಹೇಳುತ್ತದೆ. ಬೋರ್ಡ್ ಪೂರ್ತಿ ಅಳೆದರೆ ಲೆಕ್ಕವೇ ಬೇರೆ! ಮಲ್ಟಿಮೀಟರ್ ಮಿಲಿಆಂಪ್ ತೋರಿಸಿತು. ತಿನ್ನುತ್ತಿದ್ದದ್ದು ಸದಾ ಉರಿಯುವ ಕೆಂಪು ಎಲ್‌ಇಡಿ ಮತ್ತು ವೋಲ್ಟೇಜ್ ಹದ ಮಾಡುವ ರೆಗ್ಯುಲೇಟರ್. ಎಲ್‌ಇಡಿಯನ್ನು ಸೋಲ್ಡರಿಂಗ್ ಐರನ್‌ನಿಂದ ಕಿತ್ತೆ, ತಾನು ಕಡಿಮೆ ತಿನ್ನುವ ರೆಗ್ಯುಲೇಟರ್ ಕೂರಿಸಿದೆ.

ರಿಸ್ಕ್-ಫೈವ್ 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಲೈಸೆನ್ಸ್ ದುಡ್ಡಿಲ್ಲ ಅಂತ ಎಲ್ಲರೂ ಹೊಗಳುತ್ತಾರೆ. ಆ ಉಳಿತಾಯ ಚಿಪ್ ಮಾಡುವವರದ್ದು, ಒಂದೆರಡು ಬೋರ್ಡ್ ಕೊಳ್ಳುವ ನನಗೇನು ಬಂತು? ನಾನು ಬರೆಯೋದು ಸಿ ಭಾಷೆಯಲ್ಲಿ. ಇನ್‌ಸ್ಟ್ರಕ್ಷನ್ ಸೆಟ್ (ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳ ಪಟ್ಟಿ) ಯಾವುದಾದರೂ ಅದು, ಬರೆದದ್ದನ್ನು ಆ ಆದೇಶಗಳಿಗೆ ಬದಲಿಸುವ ಕಂಪೈಲರ್‌ನ ತಲೆನೋವು.

ನನಗೆ ತಲೆನೋವಾದದ್ದು ಒತ್ತಕ್ಷರ. ಲಿನಕ್ಸ್‌ನಲ್ಲಿ ತಾನಾಗೇ ಕೂಡುತ್ತಿದ್ದದ್ದು ಲಿನಕ್ಸ್ ಇಲ್ಲದ ಈ ಚಿಪ್ಪಿನಲ್ಲಿ ಬಿಡಿಬಿಡಿಯಾಗಿ ‘ಲಕ್‌ಷ್‌ಮಿ’ ಅಂತ ಬಂತು. ಅದಕ್ಕೆ ಲ್ಯಾಪ್‌ಟಾಪಿನಲ್ಲೇ ಪ್ರತಿ ಹೆಸರನ್ನೂ ಕಪ್ಪು-ಬಿಳುಪು ಚಿತ್ರ ಮಾಡಿ ಮೆಮೊರಿಗೆ ತುಂಬಿದೆ. ಹೊಸಬರು ಕೆಲಸಕ್ಕೆ ಬಂದರೆ ಸಂಜೆ ಆಫೀಸಿನ ವೈಫೈನಲ್ಲಿ ಹೆಸರು ಸೇರುತ್ತದೆ, ಅವತ್ತಿನ ಲೆಕ್ಕವೂ ಆಗಲೇ ಇಳಿಯುತ್ತದೆ. ಉಳಿದ ಹೊತ್ತು ವೈಫೈ ಬಂದ್.

ಚೀಲದ ಫೋಟೋನೂ ಬೇಕು ಅನ್ನುವವರು ಅದೇ ಸಾಲಿನ ಇಎಸ್‌ಪಿ32-ಎಸ್3 ಚಿಪ್ ನೋಡಿ. ಕ್ಯಾಮೆರಾ ಜೋಡಿಸುವ ವ್ಯವಸ್ಥೆ ಅದರಲ್ಲಿದೆ, ಸಿ3ಯಲ್ಲಿ ಇಲ್ಲ.