ರಿಜಿಸ್ಟರಿನ ಅಂಚಿನ ಭಾಗಾಕಾರ: ಜಮಖಂಡಿ ಲ್ಯಾಬಿನಿಂದ ನನ್ನ ಅನುಭವ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತದ ಕೊಬ್ಬು ನೋಡುವ ಲಿಪಿಡ್ ಟೆಸ್ಟಿಗೆ ನಮ್ಮೆಲ್ಲರ ಲ್ಯಾಬಿಗೂ ಬರುತ್ತಾರೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ನೋಡಿದ ಮೇಲೆ ರಿಪೋರ್ಟ್ ಫೈಲಿಗೆ ಹೋಗುತ್ತದೆ. ನಾನು ಮಾತ್ರ ನಾಲ್ಕು ವರ್ಷದಿಂದ ಟ್ರೈಗ್ಲಿಸರೈಡನ್ನು (ರಕ್ತದಲ್ಲಿನ ಇನ್ನೊಂದು ಕೊಬ್ಬು) ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್‌ನಿಂದ ಭಾಗಿಸಿ ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೇನೆ. 3 ದಾಟಿದವರ ಮೇಲೆ ಕಣ್ಣಿಡುತ್ತೇನೆ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿರುವುದು ಅವರಲ್ಲೇ ಜಾಸ್ತಿ. ಇದೇನು ನನ್ನ ಶೋಧವಲ್ಲ. ಆದರೆ ನಮ್ಮ ಕಡೆ ಹಾರ್ಟ್ ಪೇಷಂಟುಗಳನ್ನು ಹೀಗೆ ಬೆನ್ನುಹತ್ತಿದವನು ನಾನೊಬ್ಬನೇ ಇರಬೇಕು. "ಭಾಗಾಕಾರ ಮಾಡಿ ಸಕ್ರಿ ಬ್ಯಾನಿ ಹೇಳ್ತೀಯೇನೋ?" ಅಂತ ಪರಿಚಯದ ಡಾಕ್ಟರೊಬ್ಬರು ನಕ್ಕಿದ್ದರು.

ಮೊದಲ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎಚ್‌ಡಿಎಲ್‌ಗೆ ಅಗ್ಗದ ಪ್ರೆಸಿಪಿಟೇಷನ್ ಕಿಟ್ ಬಳಸುತ್ತಿದ್ದೆ. ಅದರಲ್ಲಿ ಉಳಿದ ಕೊಬ್ಬನ್ನು ಗಸಿಯಾಗಿ ತಳಕ್ಕೆ ಕೂರಿಸಿ, ಮೇಲಿನ ತಿಳಿಯಲ್ಲಿ ಎಚ್‌ಡಿಎಲ್ ಅಳೆಯುತ್ತಾರೆ. ಟ್ರೈಗ್ಲಿಸರೈಡ್ ತೀರಾ ಜಾಸ್ತಿಯಿದ್ದರೆ ಎಷ್ಟು ತಿರುಗಿಸಿದರೂ ಗಸಿ ತಳ ಸೇರುವುದಿಲ್ಲ. ಮೇಲಿನ ತಿಳಿ ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿಯೇ ಇರುತ್ತದೆ. ಮಷೀನು ಆ ಮಬ್ಬನ್ನೂ ಎಚ್‌ಡಿಎಲ್ ಅಂತಲೇ ಓದಿ, 32 ಇರಬೇಕಾದಲ್ಲಿ 50 ತೋರಿಸುತ್ತದೆ. ಅಂದರೆ ನಾನು ಹುಡುಕುತ್ತಿದ್ದವರ ಲೆಕ್ಕವೇ ಕೆಡುತ್ತಿತ್ತು! ಕೊನೆಗೆ ಗಸಿ ಕೂರಿಸದೆ ನೇರವಾಗಿ ಅಳೆಯುವ ಡೈರೆಕ್ಟ್ ಕಿಟ್ ತರಿಸಿದೆ. ತಿಂಗಳಿಗೆ ಮೂರು ಸಾವಿರದಷ್ಟು ಹೆಚ್ಚಿಗೆ ಖರ್ಚು. ಮನೆಯಲ್ಲಿ ಬೈಸಿಕೊಂಡೆ.

ಚಹಾದ್ದು ಇನ್ನೊಂದು ಕಾಟ. ಈ ಲೆಕ್ಕಕ್ಕೆ ಖಾಲಿ ಹೊಟ್ಟೆಯ ರಕ್ತ ಬೇಕು. ಸಾವಳಗಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರು "ಏನೂ ತಿಂದಿಲ್ರೀ, ಬರೇ ಚಾ ಕುಡದೀನ್ರೀ" ಅನ್ನುತ್ತಾರೆ. ಉಪವಾಸ ನಿಜವೋ ಸುಳ್ಳೋ ತಿಳಿಯಲು ನನ್ನದೊಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಎದುರು ಲ್ಯಾಬಿನವರೂ ಓದುತ್ತಾರೆ. ಒಮ್ಮೆ ನನ್ನ ರಕ್ತವನ್ನೇ ಪರೀಕ್ಷಿಸಿದೆ. ಬೆಳಿಗ್ಗೆ ಟ್ರೈಗ್ಲಿಸರೈಡ್ 160ರ ಆಸುಪಾಸು ಇದ್ದದ್ದು, ಅಮೀನಗಡದ ಕರದಂಟು ನಾಲ್ಕು ತುಂಡು ತಿಂದು ನಾಲ್ಕು ತಾಸಿಗೆ ನೋಡಿದರೆ 250 ಹತ್ತಿರ. ಆಮೇಲೆ ಕರದಂಟು ಎರಡೇ ತುಂಡು.

ದೊಡ್ಡ ತಪ್ಪು ನನ್ನ ಬಾಯಿಂದ ಆಯಿತು. ಕೊಲೆಸ್ಟ್ರಾಲ್ ಗುಳಿಗೆಯಿಂದ ಸಕ್ಕರೆ ತುಸು ಏರಬಹುದು ಅಂತ ಸುಮ್ನೆ ಮಾತಿಗೆ ಅಂದೆ. ಬೈಪಾಸ್ ಆಗಿದ್ದ ಅಜ್ಜ ಗುಳಿಗೆಯನ್ನೇ ಬಿಟ್ಟುಬಿಟ್ಟ. ಮುಂದಿನ ರಿಪೋರ್ಟಿನಲ್ಲಿ ಎಲ್‌ಡಿಎಲ್ 70 ಇದ್ದದ್ದು 150 ಆಗಿತ್ತು. ಹೃದಯಕ್ಕೆ ಆ ಗುಳಿಗೆಯಿಂದ ಆಗುವ ಲಾಭದ ಮುಂದೆ ಸಕ್ಕರೆಯ ಏರಿಕೆ ಸಣ್ಣದು ಅಂತ ಡಾಕ್ಟರ ಹತ್ತಿರ ಕಳಿಸಿ ಒಪ್ಪಿಸಬೇಕಾಯಿತು. ಅಂದಿನಿಂದ ಗುಳಿಗೆಯ ಸುದ್ದಿಗೆ ಹೋಗಿಲ್ಲ.

ನೆನಪಿನಿಂದ ಹೇಳುವುದಾದರೆ, ಸಕ್ಕರೆ ಇಲ್ಲದ ಹಾರ್ಟ್ ಪೇಷಂಟುಗಳು ನೂರಾ ನಲವತ್ತರಷ್ಟಿದ್ದರು. 3 ದಾಟಿದವರು ಅರವತ್ತು. ಅವರಲ್ಲಿ ಹದಿನೆಂಟೋ ಇಪ್ಪತ್ತೋ ಮಂದಿಯ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 6.5 ಮುಟ್ಟಿತು, ಅಂದರೆ ಸಕ್ಕರೆ ಕಾಯಿಲೆಯ ಗೆರೆ. ಉಳಿದ ಎಂಬತ್ತರಲ್ಲಿ ಐದಾರು. ಹಿಮೋಗ್ಲೋಬಿನ್ ಕಡಿಮೆಯಿದ್ದ ಹೆಣ್ಣುಮಕ್ಕಳನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ, ಅವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ. ಟ್ರೈಗ್ಲಿಸರೈಡನ್ನು ಖಾಲಿ ಹೊಟ್ಟೆಯ ಸಕ್ಕರೆಯಿಂದ ಗುಣಿಸಿ, ಅರ್ಧ ಮಾಡಿ, ಲಾಗ್ ತೆಗೆಯುವ ಸೂತ್ರವನ್ನೂ ಆರು ತಿಂಗಳು ನೋಡಿದೆ. ಹೆಚ್ಚುಕಡಿಮೆ ಅದೇ ಹೆಸರುಗಳು ಬಂದವು, ಬಿಟ್ಟೆ.

ನಕ್ಕಿದ್ದ ಡಾಕ್ಟರು ಈಗ ಚೀಟಿಯಲ್ಲಿ "ಲಿಪಿಡ್, ಭಾಗಾಕಾರ ಸಮೇತ" ಅಂತ ಬರೆದು ಕಳಿಸುತ್ತಾರೆ. ಭಾಗಾಕಾರಕ್ಕೆ ಬಿಲ್ ಹಾಕಲು ಬರುವುದಿಲ್ಲ, ಅದೊಂದೇ ಬೇಜಾರು.