ಅಂಗಳದ ನೆರಳು, ತೋಟದ ನೆರಳು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿ ಪ್ಲಸ್ ಟುಗೆ ಸೇರಿದ ವರ್ಷ, ಪರೀಕ್ಷೆಯಲ್ಲಿ ತಪ್ಪಿದ ನನಗೆ ಮಲಯಾಳಿ ಮಾಷ್ಟ್ರು "ಒರು ಅವಸರಂ ಕೂಡಿ ತರಾಂ" ಅಂದರು. ಅವರು ಕೊಡುತ್ತೇನೆಂದದ್ದು ಇನ್ನೊಂದು ಅವಕಾಶ. ನನ್ನ ಕಿವಿಗೆ ಬಿದ್ದದ್ದು ಕನ್ನಡದ ಅವಸರ. ಗಡಿಬಿಡಿಯಲ್ಲಿ ಬರೆದುಕೊಟ್ಟೆ, ಮತ್ತೆ ತಪ್ಪಿತು. ಕೇಳಿದ ಕೂಡಲೇ ಗೊತ್ತೆನಿಸುವ ಪದವನ್ನು ಅನುಮಾನದಿಂದ ನೋಡುವುದು ಅಲ್ಲಿಂದ ಅಭ್ಯಾಸವಾಯಿತು. ಇಂಗ್ಲಿಷ್ ಕಲಿಯುವಾಗ ನನ್ನನ್ನು ಕಾಪಾಡಿದ್ದು ಅದೇ.

'ಗಿವ್ ಮಿ ಎ ಹ್ಯಾಂಡ್' ಅನ್ನುವುದನ್ನೇ ನೋಡಿ. ನಮ್ಮಲ್ಲಿ ಕೈ ಕೊಟ್ಟವನು ನಂಬಿದವರನ್ನು ನಡುನೀರಿನಲ್ಲಿ ಬಿಟ್ಟವನು. ಅಲ್ಲಿ ಅದು ಸಹಾಯ ಕೇಳುವ ಮಾತು. ಅಡಿಕೆ ಮೂಟೆ ಎತ್ತುವಾಗ ನಾವು "ಸ್ವಲ್ಪ ಕೈ ಹಾಕು ಮಾರಾಯ" ಅನ್ನುತ್ತೇವಲ್ಲ, ಅದೇ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪದದ ಮುಂದೆ ಅರ್ಥ ಬರೆಯುವುದನ್ನು ಬಿಟ್ಟೆ. ಇಡೀ ವಾಕ್ಯ ಬರೆಯುತ್ತಿದ್ದೆ, ಯಾರು ಯಾರಿಗೆ ಹೇಳಿದ್ದು ಎಂದು ಬರೆಯುತ್ತಿದ್ದೆ, ಕೆಳಗೆ ಆ ಜಾಗದಲ್ಲಿ ನಮ್ಮವರು ಏನನ್ನುತ್ತಾರೆ ಎಂದು. 'ಐ ಆಮ್ ಅಫ್ರೇಡ್, ದೇರ್ ಈಸ್ ನೋ ರೂಮ್' ಎಂದು ಲಾಡ್ಜಿನವನು ಹೇಳಿದರೆ ಅವನಿಗೆ ಯಾವ ಭಯವೂ ಇಲ್ಲ. "ಬೇಜಾರು ಮಾಡ್ಬೇಡಿ, ರೂಮಿಲ್ಲ" ಎಂದು ಕೆಳಗೆ ಬರೆದುಕೊಂಡೆ. ಇಕನಾಮಿಕ್, ಇಕನಾಮಿಕಲ್ ಬೇಗ ಬಗೆಹರಿದವು: ಮೊದಲನೆಯದು ಅರ್ಥವ್ಯವಸ್ಥೆಗೆ ಸೇರಿದ್ದು, ಎರಡನೆಯದು ಖರ್ಚು ಉಳಿಸುವಂಥದ್ದು.

ಬಹಳ ದಿನ ಕಾಡಿದ್ದು ಶೇಡ್ ಮತ್ತು ಶ್ಯಾಡೋ. ಕನ್ನಡದಲ್ಲಿ ಎರಡಕ್ಕೂ ನೆರಳು ಎಂದೇ ಹೇಳುತ್ತೇವೆ. ಡಿಕ್ಷನರಿ ನೋಡಿದರೂ ಮನಸ್ಸಿಗೆ ಇಳಿಯಲಿಲ್ಲ. ಒಂದು ದಿನ ಅಮ್ಮ ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ಮಧ್ಯಾಹ್ನ ದಾಟಿದ ಮೇಲೆ ತೆಂಗಿನ ಮರದ ನೆರಳು, ಒಂದೊಂದು ಗರಿಯೂ ಕಾಣುವಂತೆ, ಅಡಿಕೆಯ ಮೇಲೆ ಹರಿದು ಬಂತು. ಅಮ್ಮ ಆ ಗೆರೆ ನೋಡಿ ಅಡಿಕೆಯನ್ನು ಬಿಸಿಲಿಗೆ ಎಳೆದರು. ಆ ಆಕಾರವುಳ್ಳ ನೆರಳು ಶ್ಯಾಡೋ. ಅಂಗಳದಾಚೆ ತೋಟದಲ್ಲಿ ಅಡಿಕೆ ಮರಗಳ ಕೆಳಗೆ ಕೊಕ್ಕೊ ಗಿಡಗಳು ತಂಪಾಗಿ ನಿಂತಿದ್ದವು. ಅಲ್ಲಿನ ನೆರಳಿಗೆ ಗೆರೆಯಿಲ್ಲ, ಆಕಾರವಿಲ್ಲ, ಬಿಸಿಲು ತಾಗದ ಜಾಗ ಅಷ್ಟೆ. ಅದು ಶೇಡ್. ಆಮೇಲೆ ಎಂದೂ ತಪ್ಪಲಿಲ್ಲ.

ಈಗ ನಾನೇ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ವರ್ಷದ ಮೊದಲ ಪಾಠಕ್ಕೆ ಬೋರ್ಡಿನಲ್ಲಿ 'ರೈಸ್' ಎಂದು ಬರೆದು, ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳುತ್ತೇನೆ. ಅಕ್ಕಿ, ಅನ್ನ, ಕುಚ್ಚಲಕ್ಕಿ, ಬೆಳ್ತಿಗೆ ಎಂದು ಒಬ್ಬರ ಮೇಲೊಬ್ಬರು ಕೂಗುತ್ತಾರೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವರೂ ಕೈ ಎತ್ತುತ್ತಾರೆ. ಶೇಡ್, ಶ್ಯಾಡೋ ಮರುದಿನ, ಶಾಲೆಯ ಅಂಗಳದಲ್ಲಿ.